ತೋಬಾ ಸರೋವರದ ದ್ವೀಪದಲ್ಲಿ ಮೂರು ರಾತ್ರಿ: ಹೆದರಬೇಕಾದ್ದು ಯಾವುದಕ್ಕೆ?

ಓದುಗರ ಪ್ರಶ್ನೆ: "ಇಂಡೊನೇಷ್ಯಾದ ಸುಮಾತ್ರಾದಲ್ಲಿರುವ ತೋಬಾ ಸರೋವರದ ಸಮೋಸಿರ್ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ನಾನು, ನಮ್ಮ ಯಜಮಾನರು, 68 ವರ್ಷದ ಅತ್ತೆ, 7 ವರ್ಷದ ಮಗಳು. ಐದು ಹಗಲು, ನಾಲ್ಕು ರಾತ್ರಿ ಸಿಗುತ್ತದೆ. ನಮಗೆ ಬೇಕಾಗಿರುವುದು ವಿಶ್ರಾಂತಿ. ಆದರೆ ವಿಷಯ ಹೇಳಿದ ಕೂಡಲೇ ಭಾವನವರು ಒಂದು ವಿಡಿಯೊ ಕಳಿಸಿದರು. ಅದು ಸೂಪರ್ ಜ್ವಾಲಾಮುಖಿಯಂತೆ, ಸಿಡಿಯುವ ಕಾಲ ಹತ್ತಿರವಾಗಿದೆಯಂತೆ, ನೀರಿನಿಂದ ವಿಷಾನಿಲ ಎದ್ದು ಮೀನುಗಳು ರಾಶಿರಾಶಿ ಸತ್ತವಂತೆ. 2018ರಲ್ಲಿ ಅಲ್ಲಿ ದೋಣಿ ಮುಳುಗಿದ್ದನ್ನೂ ಓದಿದೆ. ಅತ್ತೆಯವರಿಗೆ ಮಂಡಿನೋವು, ಬಿ.ಪಿ. ಮಾತ್ರೆ ನಡೆಯುತ್ತಿದೆ. ಅವರನ್ನು ಬಿಸಿನೀರಿನ ಬುಗ್ಗೆಯಲ್ಲಿ ಕೂರಿಸಬಹುದೇ? ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಜೊತೆಗೆ ಗುಡ್ಡದ ಊರು ಬೆರಾಸ್ತಾಗಿ ಮತ್ತು ಒರಾಂಗುಟಾನ್ ನೋಡಲು ಬುಕಿತ್ ಲಾವಾಂಗ್ ಸೇರಿಸಿಕೊಳ್ಳಬಹುದೇ?"

ಉತ್ತರ:

ನಿಮ್ಮ ಪತ್ರದಲ್ಲಿ ಜ್ವಾಲಾಮುಖಿಗೆ ಮೂರು ಸಾಲು ಸಿಕ್ಕಿದೆ, ದೋಣಿಗೆ ಒಂದೇ ಸಾಲು. ಅಲ್ಲಿಗೆ ಹೋಗುವವರು ಯೋಚಿಸಬೇಕಾದ ಪ್ರಮಾಣ ಇದಕ್ಕೆ ತದ್ವಿರುದ್ಧ. ನೆಲದಡಿ ಏನಿದೆ ಎಂಬುದು ನಿಮ್ಮ ನಾಲ್ಕು ರಾತ್ರಿಗಳನ್ನು ಕೆಡಿಸುವ ಸಂಗತಿಯಲ್ಲ. ಕೆಡಿಸುವುದು ತಡವಾಗಿ ಬಂದಿಳಿಯುವ ವಿಮಾನ, ಸಂಜೆಯ ದೋಣಿ ಮತ್ತು ಪಟ್ಟಿಯಲ್ಲಿ ಹೆಚ್ಚಾದ ಊರುಗಳು.

ಮೊದಲು ಭಾವನವರ ವಿಡಿಯೊ ವಿಚಾರ. ತೋಬಾ ಸೂಪರ್ ಜ್ವಾಲಾಮುಖಿ ಅನ್ನುವುದು ನಿಜ. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿದಾಗ ಹೊರಬಿದ್ದ ಬೂದಿ ಬಂಗಾಳಕೊಲ್ಲಿ ದಾಟಿ ಭಾರತದ ಮೇಲೂ ಬಿತ್ತು. ಆಂಧ್ರಪ್ರದೇಶದ ಜ್ವಾಲಾಪುರಂನಲ್ಲಿ ಆ ಬೂದಿಯ ಪದರ ಇಂದಿಗೂ ಇದೆ. ಒಳಗಿನ ಶಿಲಾಪಾಕ ಖಾಲಿಯಾಗಿ ಮೇಲಿನ ನೆಲ ಕುಸಿದು ಉಂಟಾದ ತಗ್ಗೇ ಈಗಿನ ಸರೋವರ. ಉದ್ದ ಸುಮಾರು 100 ಕಿ.ಮೀ., ಅಗಲ 30 ಕಿ.ಮೀ., ಅತಿ ಆಳದ ಜಾಗದಲ್ಲಿ 500 ಮೀಟರ್ ಮೀರುತ್ತದೆ. ಆಮೇಲೆ ಕೆಳಗಿನ ಒತ್ತಡಕ್ಕೆ ಸರೋವರದ ತಳ ನಿಧಾನವಾಗಿ ಉಬ್ಬಿ ಮೇಲೆದ್ದದ್ದು ಸಮೋಸಿರ್. ಹಾಗಾಗಿಯೇ ದ್ವೀಪದ ಎತ್ತರದ ಜಾಗಗಳಲ್ಲೂ ಸರೋವರದ ತಳದ ಕೆಸರಿನ ಪದರಗಳು ಸಿಗುತ್ತವೆ. 2020ರಲ್ಲಿ ಯುನೆಸ್ಕೊ ಈ ಇಡೀ ಪ್ರದೇಶವನ್ನು ಜಾಗತಿಕ ಜಿಯೊಪಾರ್ಕ್ (ಭೂವೈಜ್ಞಾನಿಕ ಮಹತ್ವದ ತಾಣ) ಎಂದು ಗುರುತಿಸಿತು.

"ಕಾಲ ಹತ್ತಿರವಾಗಿದೆ" ಅನ್ನುವ ಮಾತಿಗೆ ಮಾತ್ರ ಆಧಾರವಿಲ್ಲ. ತೋಬಾದಲ್ಲಿ ತಗ್ಗು ನಿರ್ಮಿಸುವಷ್ಟು ದೊಡ್ಡ ಸ್ಫೋಟಗಳಾದದ್ದು ಸುಮಾರು 12 ಲಕ್ಷ, 8.4 ಲಕ್ಷ, 5 ಲಕ್ಷ ಮತ್ತು 74 ಸಾವಿರ ವರ್ಷಗಳ ಹಿಂದೆ. ನಡುವಿನ ಅಂತರ ಲೆಕ್ಕ ಹಾಕಿ ನೋಡಿ, ಲಕ್ಷಗಳಲ್ಲಿದೆ. ಅದೂ ಗಡಿಯಾರದ ಹಾಗೆ ನಡೆಯುವುದಲ್ಲ. ಅಷ್ಟು ಶಿಲಾಪಾಕ ಸಿಡಿಯುವ ಸ್ಥಿತಿಗೆ ಬರುವಾಗ ನೆಲ ಉಬ್ಬುವುದು, ಸರಣಿ ಕಂಪನ, ಅನಿಲದ ಬದಲಾವಣೆ ಮುಂತಾದ ಸೂಚನೆಗಳು ಕಾಣಬೇಕು. ಆ ಸ್ಫೋಟ ಮನುಷ್ಯಕುಲವನ್ನೇ ಅಳಿವಿನ ಅಂಚಿಗೆ ತಂದಿತ್ತು ಎಂಬ ವಾದವೂ ಇಂಥ ವಿಡಿಯೊಗಳಲ್ಲಿ ಬರುತ್ತದೆ. ಅದೊಂದು ಊಹೆ, ತಜ್ಞರಲ್ಲಿ ಒಮ್ಮತವಿಲ್ಲ. ಜ್ವಾಲಾಪುರಂನಲ್ಲೇ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳು ಸಿಕ್ಕಿವೆ, ಅಂದರೆ ಅಲ್ಲಿನ ಜನ ಬದುಕುಳಿದಿದ್ದರು ಎನ್ನುವುದಕ್ಕೆ ಅದು ಸಾಕ್ಷಿ.

ಈ ಭಾಗದಲ್ಲಿ ಭೂಮಿಯಿಂದ ಬರುವ ನಿಜವಾದ ತೊಂದರೆಗಳು ಬೇರೆ. ಸುಮಾತ್ರಾದ ಉದ್ದಕ್ಕೂ ಸಾಗುವ ದೊಡ್ಡ ಭೂಬಿರುಕು ಸರೋವರದ ಪಶ್ಚಿಮಕ್ಕೆ ಹಾದುಹೋಗುತ್ತದೆ. 2022ರ ಅಕ್ಟೋಬರ್ 1ರಂದು ದಕ್ಷಿಣದ ತಾರುತುಂಗ್ ಬಳಿ 6ರ ಆಸುಪಾಸಿನ ತೀವ್ರತೆಯ ಭೂಕಂಪವಾಯಿತು. ಉತ್ತರಕ್ಕಿರುವ ಸಿನಾಬುಂಗ್ ಪರ್ವತ ಸುಮಾರು 400 ವರ್ಷ ಸುಮ್ಮನಿದ್ದು 2010ರಲ್ಲಿ ಎಚ್ಚೆತ್ತ ಮೇಲೆ ಹಲವು ವರ್ಷ ಬೂದಿ ಉಗುಳಿತು. ಅಂಥ ಬೂದಿ ಎದ್ದರೆ ವಿಮಾನಗಳ ವೇಳೆ ಏರುಪೇರಾಗುತ್ತದೆ. ಮಳೆಗಾಲದಲ್ಲಿ ಕಡಿದಾದ ದಂಡೆಯ ರಸ್ತೆಗಳಲ್ಲಿ ಗುಡ್ಡ ಜರಿಯುವುದು ಇವೆರಡಕ್ಕಿಂತಲೂ ಸಾಮಾನ್ಯ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ ಹೆಚ್ಚು. ಜೂನ್, ಜುಲೈ ವಾಸಿ. ಆದರೂ ಸಮಭಾಜಕ ವೃತ್ತದ ಪಕ್ಕದ ಊರು, ಯಾವ ತಿಂಗಳಲ್ಲಾದರೂ ಮಧ್ಯಾಹ್ನದ ಮೇಲೆ ಒಂದು ಮಳೆ ಬರಬಹುದು. ಸರೋವರವೇ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ. ರಾತ್ರಿ ಚಳಿ ಇರುತ್ತದೆ, ಅತ್ತೆಯವರಿಗೆ ಸ್ವೆಟರ್ ಇಟ್ಟುಕೊಳ್ಳಿ.

ಮೀನುಗಳು ಸತ್ತದ್ದು ನಿಜ, ಕೊಂದದ್ದು ವಿಷಾನಿಲವಲ್ಲ. 2016ರಲ್ಲಿ ಹರಂಗಾಓಲ್‌ನಲ್ಲಿ, 2018ರ ಆಗಸ್ಟ್‌ನಲ್ಲಿ ಪಂಗುರುರಾನ್‌ನಲ್ಲಿ ಸತ್ತವು ಬಲೆಯ ಪಂಜರಗಳಲ್ಲಿ ಒತ್ತೊತ್ತಾಗಿ ಸಾಕಿದ ಮೀನುಗಳು. ಉಳಿದ ಮೇವು ಮತ್ತು ಹಿಕ್ಕೆ ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಗಾಳಿ ಜೋರಾಗಿ ಬೀಸಿದಾಗ ಅಥವಾ ಮೇಲಿನ ನೀರು ತಣ್ಣಗಾದಾಗ ತಳದ ನೀರು ಮೇಲೇಳುತ್ತದೆ. ಪಂಜರದ ಮೀನು ಓಡಿಹೋಗಲಾರದೆ ಉಸಿರುಗಟ್ಟಿ ಸಾಯುತ್ತದೆ. ಜನ ಇದನ್ನು ಕ್ಯಾಮರೂನಿನ ನ್ಯೋಸ್ ಸರೋವರದ ಜೊತೆ ಬೆರೆಸುತ್ತಾರೆ. 1986ರಲ್ಲಿ ಅಲ್ಲಿ ಆಳದ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಹೊರನುಗ್ಗಿ ಸುಮಾರು 1,700 ಜನ ಸತ್ತರು. ಅದು ಬೇರೆ ಸರೋವರ, ಬೇರೆ ಕಾರಣ. ನಿಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟೇ: ಪಂಜರಗಳಿರುವ ಕೊಲ್ಲಿಯಲ್ಲಿ ಮತ್ತು ಅಂತರಗಂಗೆ ಹಬ್ಬಿದ ದಂಡೆಯಲ್ಲಿ ಈಜಬೇಡಿ, ನಲ್ಲಿ ನೀರು ಕುಡಿಯಬೇಡಿ.

ಇನ್ನು ದೋಣಿ. 2018ರ ಜೂನ್ 18ರ ಸಂಜೆ, ರಂಜಾನ್ ಹಬ್ಬದ ರಜೆಯ ಜನಜಂಗುಳಿಯಲ್ಲಿ, ದ್ವೀಪದ ಸಿಮಾನಿಂದೊದಿಂದ ಆಚೆ ದಂಡೆಯ ತಿಗರಾಸ್‌ಗೆ ಹೊರಟ ಸಿನಾರ್ ಬಂಗುನ್ ಎಂಬ ದೋಣಿ ಮಗುಚಿತು. 160ಕ್ಕೂ ಹೆಚ್ಚು ಜನ ಸಿಗಲೇ ಇಲ್ಲ. ದೋಣಿ ಪತ್ತೆಯಾದದ್ದು ಸುಮಾರು 450 ಮೀಟರ್ ಆಳದಲ್ಲಿ. ಸಾಮರ್ಥ್ಯಕ್ಕಿಂತ ಹಲವು ಪಟ್ಟು ಜನ, ಅವರ ಜೊತೆ ಹತ್ತಾರು ಬೈಕುಗಳು, ಸಾಲದ ಲೈಫ್ ಜಾಕೆಟ್, ಪ್ರಯಾಣಿಕರ ಪಟ್ಟಿಯೇ ಇಲ್ಲ, ಮೇಲೆ ಕೆಟ್ಟ ಹವೆ. ಮರದ ದೋಣಿಯ ಮೇಲಂತಸ್ತಿಗೆ ಭಾರ ಹೇರಿದಷ್ಟೂ ಅದರ ತೂಕದ ಕೇಂದ್ರ ಮೇಲೇರುತ್ತದೆ. ಆಗ ಪಕ್ಕದಿಂದ ಬಂದ ಅಲೆಗೆ ವಾಲಿದ ದೋಣಿ ಮತ್ತೆ ನೆಟ್ಟಗಾಗುವುದಿಲ್ಲ. ಅಪಘಾತದ ನಂತರ ಬಿಗಿ ಕ್ರಮಗಳು ಬಂದವು, ಆಚೆ ದಂಡೆಯ ಅಜಿಬಾತಾದಿಂದ ದೊಡ್ಡ ವಾಹನ ಫೆರಿಗಳೂ ಓಡುತ್ತಿವೆ. ಆದರೂ ಹತ್ತುವ ಮುಂಚೆ ನೋಡಿಕೊಳ್ಳುವ ಕೆಲಸ ನಿಮ್ಮದೇ.

ನೋಡುವುದು ಹೀಗೆ. ಮೇಲಂತಸ್ತು ಆಗಲೇ ತುಂಬಿದೆಯೇ, ಬೈಕುಗಳನ್ನು ಹಗ್ಗದಿಂದ ಬಿಗಿದಿದ್ದಾರೆಯೇ, ಲೈಫ್ ಜಾಕೆಟ್‌ಗಳು ಕೈಗೆ ಸಿಗುವಲ್ಲಿವೆಯೇ ಅಥವಾ ಸೂರಿನ ಮೂಲೆಯಲ್ಲಿ ಗಂಟು ಕಟ್ಟಿ ತುರುಕಿದ್ದಾರೆಯೇ? ಅನುಮಾನ ಬಂದರೆ ಮುಂದಿನ ದೋಣಿಗೆ ಕಾಯಿರಿ. ಜಾಕೆಟ್ ಅನ್ನು ಹೊರಡುವ ಮೊದಲೇ ತೊಡಿ. ಆಮೇಲೆ ತೊಡುತ್ತೇನೆ ಅಂದುಕೊಂಡವರಿಗೆ ಹೊತ್ತು ಸಿಗುವುದಿಲ್ಲ. ಕೂರುವುದು ಮುಖ್ಯ ಅಂತಸ್ತಿನಲ್ಲಿ, ತೆರೆದ ಪಕ್ಕದ ಹತ್ತಿರ. ಕಿಟಕಿ ಮುಚ್ಚಿದ ಒಳಮೂಲೆಯಲ್ಲಲ್ಲ. ಮಗಳ ಅಳತೆಯ ಜಾಕೆಟ್ ಅಲ್ಲಿ ಸಿಕ್ಕೇ ಸಿಗುತ್ತದೆಂದು ನಂಬಬೇಡಿ, ಮನೆಯಿಂದಲೇ ಒಯ್ಯಿರಿ. ಕಾಲಿನ ನಡುವೆ ಹಾಯುವ ಪಟ್ಟಿ ಇರುವಂಥದ್ದೇ ಆಗಬೇಕು. ತೊಡಿಸಿ, ಬಕಲ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಗಲ್ಲ ದಾಟಿ ಕಿವಿಯ ತನಕ ಬಂದರೆ ಅದು ದೊಡ್ಡದು, ನೀರಲ್ಲಿ ಮಗು ಕೆಳಗೆ ಜಾರುತ್ತದೆ. ಇದೇ ಜಾಕೆಟ್ ಈಜುವಾಗಲೂ ಬೇಕು. ದ್ವೀಪದಲ್ಲಿ ಪ್ರವಾಸಿಗರು ತಂಗುವ ಊರಾದ ತುಕ್‌ತುಕ್‌ನ ಎಷ್ಟೋ ಕಡೆ ದಂಡೆಯಿಂದ ಕೆಲವೇ ಹೆಜ್ಜೆಗೆ ತಳ ಕಡಿದಾಗಿ ಇಳಿದುಬಿಡುತ್ತದೆ, ಸಿಹಿನೀರಾದ್ದರಿಂದ ಸಮುದ್ರದಷ್ಟು ತೇಲಿಸುವುದೂ ಇಲ್ಲ.

ಬೆಳಗಿನ ಹೊತ್ತು ಗಾಳಿ ಕಡಿಮೆ. ಮಧ್ಯಾಹ್ನದ ಮೇಲೆ ಸುತ್ತಲಿನ ಕಡಿದಾದ ಗೋಡೆಗಳಿಂದ ಗಾಳಿ ಇಳಿದು ಅಲೆ ಏಳುತ್ತದೆ. ಸರೋವರದ ಪೂರ್ವ ದಂಡೆಯ ಪರಾಪಾತ್‌ನ ತಿಗರಾಜಾ ಕಟ್ಟೆಯಿಂದ ತುಕ್‌ತುಕ್‌ಗೆ ಜನರ ದೋಣಿಗಳು ಹೊರಡುತ್ತವೆ, ಮುಕ್ಕಾಲು ಗಂಟೆಯೊಳಗಿನ ದಾರಿ. ಉಳಿದುಕೊಳ್ಳುವ ಜಾಗದ ಹೆಸರು ಹೇಳಿದರೆ ಅದರದೇ ಇಳಿಗಟ್ಟೆಯಲ್ಲಿ ಬಿಡುತ್ತಾರೆ. ಸಂಜೆಯ ನಂತರ ಇವು ನಿಲ್ಲುತ್ತವೆ. ನೀರಿನ ಮೇಲೆ ಹೋಗುವುದೇ ಬೇಡ ಅನ್ನಿಸಿದರೆ ಅದಕ್ಕೂ ದಾರಿಯಿದೆ. ಸಮೋಸಿರ್ ಮೊದಲು ಪಶ್ಚಿಮದಲ್ಲಿ ಒಂದು ಸಣ್ಣ ನೆಲದ ಪಟ್ಟಿಯಿಂದ ಮುಖ್ಯ ಭೂಮಿಗೆ ಅಂಟಿಕೊಂಡಿತ್ತು, ಡಚ್ಚರ ಕಾಲದಲ್ಲಿ ಅದನ್ನು ಕಾಲುವೆಯಾಗಿ ಕಡಿದರು. ಈಗ ಪಂಗುರುರಾನ್‌ನಲ್ಲಿ ಅದರ ಮೇಲೆ ಸೇತುವೆ ಇದೆ. ಉತ್ತರ ಸುಮಾತ್ರಾದ ದೊಡ್ಡ ನಗರ ಮೆದಾನ್‌ನಿಂದ ಬೆರಾಸ್ತಾಗಿ, ತೆಲೆ ಮಾರ್ಗವಾಗಿ ಕಾರಿನಲ್ಲೇ ದ್ವೀಪ ಸೇರಬಹುದು. ಆದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ತೆಲೆಯಿಂದ ಇಳಿಯುವ ತಿರುವುಗಳು ಹೊಟ್ಟೆ ತೊಳಸುತ್ತವೆ, ಮಳೆ ಬಂದರೆ ಗುಡ್ಡ ಜರಿಯುವ ಭಯವೂ ಅಲ್ಲೇ. ನಿಮ್ಮ ಮನೆಯವರಿಗೆ ನಾನು ಹೇಳುವುದು ಬೆಳಗಿನ ದೋಣಿ, ಅಥವಾ ಕಾರಿನ ಸಮೇತ ಅಜಿಬಾತಾದ ವಾಹನ ಫೆರಿ. ಸಾಮಾನು ಹೊತ್ತು ಇಳಿದು ಹತ್ತುವ ಕಷ್ಟ ಅತ್ತೆಯವರಿಗೆ ತಪ್ಪುತ್ತದೆ.

ಐದು ದಿನಗಳ ಲೆಕ್ಕ ಈಗ. ಕ್ವಾಲಾಲಂಪುರ ಅಥವಾ ಸಿಂಗಪುರದ ಮೂಲಕ ನೀವು ಇಳಿಯುವುದು ಮೆದಾನ್‌ನ ಕ್ವಾಲಾನಾಮು ನಿಲ್ದಾಣದಲ್ಲಿ. ಅಲ್ಲಿಂದ ಪೆಮಾತಾಂಗ್ ಸಿಯಾಂತಾರ್ ಕಡೆಗೆ ಬಹುಪಾಲು ಟೋಲ್ ರಸ್ತೆ, ಅದಾದ ಮೇಲೆ ಘಾಟಿ. ಪರಾಪಾತ್‌ಗೆ ಸುಮಾರು ನಾಲ್ಕು ತಾಸು, ಶನಿವಾರ ಮೆದಾನ್‌ನ ಜನರೆಲ್ಲ ಹೊರಟಾಗ ಇನ್ನೂ ಹೆಚ್ಚು. ವಿಮಾನ ಬೆಳಿಗ್ಗೆ 11ರೊಳಗೆ ಇಳಿದರೆ ಅದೇ ದಿನ ವಾಹನ ಫೆರಿಯಲ್ಲಿ ದ್ವೀಪಕ್ಕೆ ಹೋಗಬಹುದು. ಅದಕ್ಕಿಂತ ತಡವಾದರೆ ದಾರಿಯಲ್ಲೇ ಒಂದು ರಾತ್ರಿ ಕಳೆಯಿರಿ. ಕೊನೆಯ ದೋಣಿ ಹಿಡಿಯಬೇಕೆಂದು ಚಾಲಕನನ್ನು ಘಾಟಿಯಲ್ಲಿ ಅವಸರಿಸುವುದು ಈ ಪ್ರವಾಸದಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ. ಹೊರಡುವ ದಿನವೂ ಹಾಗೇ. ತುಕ್‌ತುಕ್‌ನಲ್ಲಿ ಬೆಳಿಗ್ಗೆ ಎದ್ದು ಅದೇ ದಿನ ಹಾರುವುದಾದರೆ ವಿಮಾನ ಸಂಜೆ 6ರ ನಂತರ ಇರಲಿ. ಇಲ್ಲವಾದರೆ ಕೊನೆಯ ರಾತ್ರಿ ಮೆದಾನ್‌ನಲ್ಲಿ. ಅಂದರೆ ದ್ವೀಪದಲ್ಲಿ ಎರಡೋ ಮೂರೋ ರಾತ್ರಿ ಎಂಬುದನ್ನು ನಿರ್ಧರಿಸುವುದು ನೀವಲ್ಲ, ನಿಮ್ಮ ಟಿಕೆಟ್. ಟಿಕೆಟ್ ಕೊಳ್ಳುವಾಗಲೇ ಇದನ್ನು ನೋಡಿ. ಜಕಾರ್ತಾ ಕಡೆಯಿಂದ ಬರುವವರಿಗೆ ಸರೋವರದ ದಕ್ಷಿಣದ ಸಿಲಾಂಗಿತ್ ನಿಲ್ದಾಣ ಹತ್ತಿರ, ನಿಮಗೆ ಅದು ಸುತ್ತು.

ಬುಕಿತ್ ಲಾವಾಂಗ್ ಬಿಟ್ಟುಬಿಡಿ. ಅದು ಮೆದಾನ್‌ನ ವಾಯವ್ಯಕ್ಕೆ, ತೋಬಾ ದಕ್ಷಿಣಕ್ಕೆ. ಎರಡನ್ನೂ ಸೇರಿಸಿದರೆ ಎರಡು ಹಗಲು ಕಾರಿನಲ್ಲೇ ಹೋಗುತ್ತದೆ, ಮೇಲೆ ಕಾಡಿನ ಏರು ನಡಿಗೆ ಮಂಡಿನೋವಿನವರಿಗೆ ಆಗುವುದಲ್ಲ. ಬೆರಾಸ್ತಾಗಿಯನ್ನು ಮರಳುವ ದಾರಿಯಾಗಿ ಇಟ್ಟುಕೊಳ್ಳಬಹುದು, ಅದೂ ಕೊನೆಯ ರಾತ್ರಿ ಮೆದಾನ್‌ನಲ್ಲಿ ತಂಗುವುದಿದ್ದರೆ ಮಾತ್ರ. ಆ ದಾರಿಯಲ್ಲಿ, ಸರೋವರದ ಉತ್ತರ ತುದಿಯಲ್ಲಿ, ಸುಮಾರು 120 ಮೀಟರ್ ಎತ್ತರದಿಂದ ಬೀಳುವ ಸಿಪಿಸೊಪಿಸೊ ಜಲಪಾತ ಸಿಗುತ್ತದೆ. ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ, ಕೆಳಗಿಳಿಯುವ ಮೆಟ್ಟಿಲು ಬೇಡ.

ತಂಗುವುದಕ್ಕೆ ತುಕ್‌ತುಕ್ ಸರಿ. ಸರೋವರಕ್ಕೆ ಚಾಚಿದ ಸಣ್ಣ ಭೂಭಾಗ, ವಾಹನ ಕಡಿಮೆ, ಊಟದ ಜಾಗಗಳು ನಡೆಯುವ ದೂರದಲ್ಲಿವೆ. ಆದರೆ ಕೋಣೆ ಹಿಡಿಯುವಾಗ ಫೋಟೊ ನೋಡಿ ಮರುಳಾಗಬೇಡಿ. ದೋಣಿಯಂತೆ ಬಾಗಿದ ಚಾವಣಿಯ, ಸ್ಥಳೀಯ ಬಾತಕ್ ಜನರ ಮನೆಗಳು ಕಂಬದ ಮೇಲೆ ನಿಂತಿರುತ್ತವೆ. ಹತ್ತುವುದು ಏಣಿಯಂಥ ಕಡಿದಾದ ಮೆಟ್ಟಿಲು, ಬಾಗಿಲು ಎಷ್ಟು ಗಿಡ್ಡ ಎಂದರೆ ತಲೆ ತಗ್ಗಿಸದಿದ್ದರೆ ಹಣೆಗೆ ಪೆಟ್ಟು. ರಸ್ತೆಯಿಂದ ದಂಡೆಗೆ ಇಳಿಜಾರು ಬೇರೆ. "ನೆಲಮಹಡಿಯ ಕೋಣೆ, ರಸ್ತೆಯಿಂದ ಎಷ್ಟು ಮೆಟ್ಟಿಲು, ಕಮೋಡ್ ಇದೆಯೇ, ಸ್ನಾನಕ್ಕೆ ಬಿಸಿನೀರು ಬರುತ್ತದೆಯೇ" ಎಂದು ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಹಣ ಕಟ್ಟಿ. ಬಾತಕ್ ಜನ ಹೆಚ್ಚಾಗಿ ಕ್ರೈಸ್ತರು. ಭಾನುವಾರ ಬೆಳಿಗ್ಗೆ ಎಲ್ಲರೂ ಚರ್ಚಿನಲ್ಲಿರುತ್ತಾರೆ, ಅಂಗಡಿ, ಬಾಡಿಗೆ ಕಾರು ಸಿಗುವುದು ಕಷ್ಟ. ಸುತ್ತಾಟದ ದಿನ ಭಾನುವಾರ ಬೇಡ.

ನೋಡುವ ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಮೊಕ್‌ನಲ್ಲಿ ಸಿದಾಬುತಾರ್ ಅರಸರ ಕಲ್ಲಿನ ಸಮಾಧಿಗಳು, ಅಂಬಾರಿತಾದಲ್ಲಿ ಸಿಯಲ್ಲಾಗಾನ್ ಹಳ್ಳಿಯ ಕಲ್ಲಿನ ಆಸನಗಳು; ಎರಡೂ ತುಕ್‌ತುಕ್‌ನಿಂದ ಹತ್ತಿರ, ಅರ್ಧ ದಿನ ಸಾಕು. ದ್ವೀಪದ ಮೇಲೆಯೇ ಸಿದಿಹೋನಿ ಎಂಬ ಇನ್ನೊಂದು ಪುಟ್ಟ ಕೆರೆಯಿದೆ, ಮಗಳಿಗೆ ತೋರಿಸಿ. ಬೈಕ್ ಬಾಡಿಗೆ ಎಲ್ಲೆಡೆ ಸಿಗುತ್ತದೆ. ಬೈಕಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರಯಾಣ ವಿಮೆ ಹಣ ಕೊಡುವುದಿಲ್ಲ, ಅದನ್ನು ಯಾರೂ ಅಲ್ಲಿ ಹೇಳುವುದಿಲ್ಲ. ನಾಲ್ವರಿಗೆ ಚಾಲಕನ ಸಮೇತ ಕಾರೇ ಲೇಸು. ಬೀದಿನಾಯಿಗಳನ್ನು ಮಗಳು ಮುಟ್ಟದಿರಲಿ, ಉತ್ತರ ಸುಮಾತ್ರಾದಲ್ಲಿ ರೇಬಿಸ್ ಇದೆ.

ಬಿಸಿನೀರಿನ ಬುಗ್ಗೆಗಳಿರುವುದು ಪಂಗುರುರಾನ್ ಆಚೆ, ಪುಸುಕ್ ಬುಹಿತ್ ಪರ್ವತದ ಬುಡದಲ್ಲಿ, ತುಕ್‌ತುಕ್‌ನಿಂದ ಸುಮಾರು 40 ಕಿ.ಮೀ. ಗಂಧಕದ ಹಬೆಗೆ ಬೆಳ್ಳಗಾದ ಇಳಿಜಾರು ದೂರದಿಂದಲೇ ಕಾಣುತ್ತದೆ. ಈ ನೀರು ಸಂಧಿವಾತವನ್ನು ಬೇರುಸಹಿತ ತೆಗೆಯುತ್ತದೆ ಎಂಬ ಮಾತು ಕೇಳುತ್ತೀರಿ. ಬಿಸಿಗೆ ಸ್ನಾಯು ಸಡಿಲವಾಗಿ ಕೆಲವು ತಾಸು ನೋವು ತಗ್ಗುತ್ತದೆ, ಸವೆದ ಮಂಡಿ ಸರಿಹೋಗುವುದಿಲ್ಲ. ಅತ್ತೆಯವರಿಗೆ ಅಪಾಯ ಇರುವುದು ಗಂಧಕದಲ್ಲಲ್ಲ, ಬಿಸಿಯಲ್ಲಿ. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಮಾತ್ರೆಯೂ ಅದನ್ನೇ ಮಾಡುತ್ತಿರುತ್ತದೆ. ತಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ ಬಂದು, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಬೀಳುತ್ತಾರೆ. ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿ. ಒಪ್ಪಿದರೆ ಹದವಾದ ಕೊಳ ಆರಿಸಿ, ಒಂದೊಂದು ಕೊಳದ ಬಿಸಿ ಒಂದೊಂದು ಥರ. ಮೊಣಕೈ ಅದ್ದಿ ನೋಡಿ, ಸುಡುವಂತಿದ್ದರೆ ಬೇಡ. ಎದೆಯ ತನಕ ಮುಳುಗದೆ ಅಂಚಿನಲ್ಲಿ ಕೂತು ಮಂಡಿ ಮಾತ್ರ ಅದ್ದಿದರೂ ಸಾಕು. ಹತ್ತು ನಿಮಿಷ, ನಂತರ ಅಂಚಿನಲ್ಲೇ ಎರಡು ನಿಮಿಷ ಕೂತು, ನೀರು ಕುಡಿದು, ಯಾರದಾದರೂ ಕೈ ಹಿಡಿದು ಏಳಲಿ. ಮಗಳಿಗೆ ಇನ್ನೂ ಕಡಿಮೆ ಹೊತ್ತು. ಆ ನೀರು ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಬೆಳ್ಳಿ ಕಾಲ್ಗೆಜ್ಜೆ, ಕಾಲುಂಗುರ ಕಪ್ಪಾಗುತ್ತವೆ, ಕೋಣೆಯಲ್ಲೇ ಬಿಟ್ಟು ಬನ್ನಿ. ಹಬೆ ಏಳುವ ಬಿರುಕುಗಳ ಹತ್ತಿರ, ತಗ್ಗುಗಳಲ್ಲಿ ಬಗ್ಗಿ ನೋಡಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಗಾಳಿಗಿಂತ ಭಾರ, ಅಂಥ ಕಡೆಯೇ ನಿಲ್ಲುತ್ತದೆ. ಬಯಲಿನ ಕೊಳಗಳಲ್ಲಿ ಆ ಚಿಂತೆ ಇಲ್ಲ.

ಊಟದ್ದು ಕಷ್ಟವೇ, ಆದರೆ ಹಸಿದಿರಬೇಕಾಗಿಲ್ಲ. ಸ್ಥಳೀಯ ಅಡುಗೆ ಹಂದಿಮಾಂಸ ಮತ್ತು ಮೀನಿನದು, ಕೆಲವು ಹೋಟೆಲುಗಳಲ್ಲಿ ನಾಯಿಮಾಂಸವೂ ಇರುತ್ತದೆ, ಫಲಕದ ಮೇಲೆ ಬಿ1 ಎಂದಿದ್ದರೆ ಅದೇ. ತುಕ್‌ತುಕ್‌ನಲ್ಲಿ ಪ್ರವಾಸಿಗರಿಗೆ ಒಗ್ಗಿದ ಅಡುಗೆಮನೆಗಳಿರುವುದರಿಂದ ತರಕಾರಿ ಅನ್ನ, ಹುದುಗಿಸಿದ ಸೋಯಾದ ತೆಂಪೆ, ಸೋಯಾ ಪನೀರಿನಂಥ ತಾಹು, ಕಡಲೆಕಾಯಿ ಸಾರಿನ ಗಾಡೊಗಾಡೊ ಸಿಗುತ್ತವೆ. "ಸಸ್ಯಾಹಾರ" ಅಂದರೆ ಸಾಲದು. "ದಾಗಿಂಗ್" (ಮಾಂಸ) ಬೇಡವೆಂದರೆ ಕೋಳಿ ಹಾಕಿಬಿಡಬಹುದು, ಅದು ಅವರ ಲೆಕ್ಕದಲ್ಲಿ ಬೇರೆ. ಹೀಗೆ ಹೇಳಿ: "ತಾನ್ಪಾ ದಾಗಿಂಗ್, ತಾನ್ಪಾ ಆಯಾಮ್, ತಾನ್ಪಾ ಇಕಾನ್, ತಾನ್ಪಾ ತೆಲುರ್, ತಾನ್ಪಾ ತೆರಾಸಿ", ಅಂದರೆ ಮಾಂಸ, ಕೋಳಿ, ಮೀನು, ಮೊಟ್ಟೆ, ತೆರಾಸಿ ಇಲ್ಲದೆ. ಕೊನೆಯದು ಹುದುಗಿಸಿದ ಸೀಗಡಿಯ ಪೇಸ್ಟ್, ಚಟ್ನಿಯಂಥ ಸಂಬಾಲ್‌ನಲ್ಲಿ ಕಣ್ಣಿಗೆ ಕಾಣದಂತೆ ಸೇರಿರುತ್ತದೆ. ಗಾಡೊಗಾಡೊ ಮೇಲೆ ಬೇಯಿಸಿದ ಮೊಟ್ಟೆ, ಸೀಗಡಿ ಹಪ್ಪಳ ಬರುವುದು ರೂಢಿ, ಮೊದಲೇ ಬೇಡವೆನ್ನಿ. ನಾಲಗೆ ಜುಮ್ಮೆನಿಸುವ ಅಂದಾಲಿಮಾನ್ ಕಾಳು ನಮ್ಮ ಕರಾವಳಿಯ ತಿರಫಲದ ಹತ್ತಿರದ ಬಂಧು, ಅದನ್ನು ಧಾರಾಳವಾಗಿ ತಿನ್ನಬಹುದು. ಇನ್ನೊಂದು ಎಚ್ಚರ: ಅಣಬೆಯ ಪದಾರ್ಥ ಕೇಳುವಾಗ "ಮ್ಯಾಜಿಕ್" ಎಂಬ ಮಾತು ಕಂಡರೆ ಮುಟ್ಟಬೇಡಿ. ತುಕ್‌ತುಕ್‌ನಲ್ಲಿ ಬಹಿರಂಗವಾಗಿ ಮಾರಿದರೂ ಅದು ಮತ್ತು ಬರಿಸುವಂಥದ್ದು, ಇಂಡೊನೇಷ್ಯಾದ ಮಾದಕವಸ್ತು ಕಾನೂನು ಬಹಳ ಕಠಿಣ.

ಭಾರತೀಯರಿಗೆ ಕ್ವಾಲಾನಾಮುವಿನಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, ಒಬ್ಬರಿಗೆ 5,00,000 ರೂಪಿಯಾ, 30 ದಿನ. ಆನ್‌ಲೈನ್‌ನಲ್ಲಿ ಮೊದಲೇ ಪಡೆದರೆ ಸಾಲು ತಪ್ಪಿ ಆ ದಿನದ ದೋಣಿಗೆ ಹೊತ್ತು ಉಳಿಯುತ್ತದೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ನಗದನ್ನು ಮೆದಾನ್‌ನಲ್ಲೇ ತೆಗೆದುಕೊಳ್ಳಿ, ಒಂದು ಲಕ್ಷದ ನೋಟಿಗೆ ಸಣ್ಣ ಅಂಗಡಿಗಳಲ್ಲಿ ಚಿಲ್ಲರೆ ಇರುವುದಿಲ್ಲ. ಅತ್ತೆಯವರ ಮಾತ್ರೆಗಳನ್ನು ಮೂರು ದಿನ ಹೆಚ್ಚಿಗೆ, ಕೈಚೀಲದಲ್ಲೇ ಇಡಿ. ದ್ವೀಪದ ಆಸ್ಪತ್ರೆ ಇರುವುದು ಪಂಗುರುರಾನ್‌ನಲ್ಲಿ, ತುಕ್‌ತುಕ್‌ನಿಂದ ಒಂದು ತಾಸಿನ ದಾರಿ. ಮೊದಲ ದಿನವೇ ಕಾರಿನ ಚಾಲಕನ ನಂಬರ್ ಬರೆದುಕೊಂಡು, ರಾತ್ರಿ ಕರೆದರೆ ಬರುತ್ತಾನೆಯೇ ಎಂದು ಕೇಳಿಟ್ಟುಕೊಳ್ಳಿ.